ಲಗ್ನಪತ್ರಿಕೆಯಲ್ಲಿ ಬಿ.ಇ.

(ಎಂಜಿನಿಯರುಗಳ ದಿನದ ಅಂಗವಾಗಿ ಚಾಮರಾಜನಗರದಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ.)



ಎಂಜಿನಿಯರುಗಳ ದಿನಕ್ಕೆ ಎಂಜಿನಿಯರನ್ನೇ ಕರೆಯಬೇಕಾಗಿತ್ತು. ನೀವು ನನ್ನನ್ನು ಕರೆದಿದ್ದೀರಿ. ನಾನು ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ ವರದಿಗಾರಿಕೆಗೆ ಬಂದವನು. ಗಣಿತದಲ್ಲಿ ನನಗೆ ಎಷ್ಟು ಅಂಕ ಬಂದಿತ್ತೆಂಬುದನ್ನು ಈ ಸಭೆಯಲ್ಲಿ ಹೇಳುವುದು ಬೇಡ. ಆದರೆ ವರದಿಗಾರನಿಗೆ ಒಂದು ಅನುಕೂಲವುಂಟು. ಅವನು ಊರೂರು ತಿರುಗುತ್ತಾನೆ. ಪರಿಚಯದವರ ಲಗ್ನಪತ್ರಿಕೆಗಳೆಲ್ಲ ಅವನ ಮೇಜಿನ ಮೇಲೆ ಬಂದು ಬೀಳುತ್ತವೆ. ಗುಂಡ್ಲುಪೇಟೆ, ಬೇಗೂರು, ತೆರಕಣಾಂಬಿ, ಸಂತೇಮರಹಳ್ಳಿ ಕಡೆಯಿಂದ ಬಂದ ಪತ್ರಿಕೆಗಳನ್ನು ನಾನು ಒಂದು ಕುತೂಹಲದಿಂದ ನೋಡುತ್ತೇನೆ. ವರನ ಹೆಸರಿನ ಮುಂದೆ ಬಿ.ಇ., ವಧುವಿನ ಹೆಸರಿನ ಮುಂದೆಯೂ ಬಿ.ಇ. ಅವರಿಬ್ಬರನ್ನೂ ಓದಿಸಿದವರು ಚೆಂಡು ಹೂವು, ಅರಿಸಿನ, ಸಣ್ಣ ಈರುಳ್ಳಿ ಬೆಳೆದು ಮಾರಿದವರು. ಆ ತಂದೆಯ ಹೆಸರಿನ ಮುಂದೆ ಮಾತ್ರ ಏನೂ ಇರುವುದಿಲ್ಲ. ಯಾರೂ ಅಲ್ಲಿ ‘ಕೃಷಿಕರು’ ಎಂದು ಅಚ್ಚು ಹಾಕಿಸುವುದಿಲ್ಲ.

ಆ ಎರಡು ಅಕ್ಷರಗಳಲ್ಲಿ ಇರುವುದಾದರೂ ಏನು? ಅದು ಉದ್ಯೋಗವೇ, ವಿದ್ಯೆಯೇ, ಅಥವಾ ಊರಿನಲ್ಲಿ ಒಂದು ಸ್ಥಾನವೇ? ಈ ಪ್ರಶ್ನೆ ಹಿಡಿದುಕೊಂಡು ಬೇರೆ ಬೇರೆ ದೇಶಗಳಲ್ಲಿ ಎಂಜಿನಿಯರ್ ಎಂಬುವನು ಸಮಾಜದ ಯಾವ ಮೆಟ್ಟಿಲ ಮೇಲೆ ನಿಂತಿದ್ದಾನೆಂದು ಸ್ವಲ್ಪ ಓದಿದೆ. ಓದಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ನಮ್ಮ ಊರಿನ ಹತ್ತಿರದಿಂದಲೇ ಹೊರಡೋಣ. ಇಲ್ಲಿಂದ ಮೈಸೂರಿಗೆ ರೈಲಿನಲ್ಲಿ ಹೋಗುವಾಗ ನಂಜನಗೂಡಿನಲ್ಲಿ ಕಪಿಲೆಯ ಮೇಲಿನ ಹಳೆಯ ಸೇತುವೆಯನ್ನು ನೋಡಿರುತ್ತೀರಿ. 1735ರಲ್ಲಿ ಕಟ್ಟಿದ್ದು. ಎತ್ತಿನ ಗಾಡಿಗೆಂದು ಕಟ್ಟಿದ ಆ ಸೇತುವೆ ಮುಂದೆ ರಸ್ತೆಯನ್ನೂ ಹೊತ್ತಿತು, ರೈಲನ್ನೂ ಹೊತ್ತಿತು. ಈ ಮಾರ್ಗಕ್ಕೆ ಬ್ರಾಡ್‌ಗೇಜ್ ಹಳಿ ಬರುವವರೆಗೂ ಚಾಮರಾಜನಗರದ ರೈಲು ಅದರ ಮೇಲೆಯೇ ಓಡಾಡಿತು. ಕಟ್ಟಿಸಿದವರು ದಳವಾಯಿ ದೇವರಾಜರು ಎಂದು ಚರಿತ್ರೆ ಹೇಳುತ್ತದೆ. ಕಟ್ಟಿದವರು ಯಾರು? ಕಮಾನಿನ ಅಳತೆ ಹಾಕಿದವನ ಹೆಸರೇನು? ಆ ಹೆಸರು ಉಳಿದು ಬಂದಿಲ್ಲ.

ನಮ್ಮ ಕೆರೆಗಳ ಕಥೆಯೂ ಇದೇ. ಏರಿ ಹಾಕಿದವರು, ತೂಬು ಕೂರಿಸಿದವರು ಒಡ್ಡರು, ಉಪ್ಪಾರರು, ಕಲ್ಲುಕುಟಿಗರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನಿರ್ಧರಿಸುತ್ತಿದ್ದವನು ನೀರುಗಂಟಿ. ಹಳ್ಳಿಯ ಆಯಗಾರರಲ್ಲಿ ಅವನೂ ಒಬ್ಬ. ಸುಗ್ಗಿಯಲ್ಲಿ ಅವನಿಗೆ ಕಾಳು ಅಳೆದು ಕೊಡುತ್ತಿದ್ದರು. ಕೆರೆಯ ಜಲಾನಯನ, ಕೋಡಿಯ ಮಟ್ಟ, ಮಳೆಯ ಅಂದಾಜು ಅವನ ತಲೆಯಲ್ಲೇ ಇರುತ್ತಿತ್ತು. ಇಂದಿನ ಭಾಷೆಯಲ್ಲಿ ಅವನು ನೀರಾವರಿ ಎಂಜಿನಿಯರ್. ಆದರೆ ಅವನನ್ನು ಊರಿನ ಜಗಲಿಯ ಮೇಲೆ ಕೂರಿಸಿದವರು ಅಪರೂಪ. ಕೆಲಸ ಬಲ್ಲವನು ಕೆಳಗೆ, ಅಕ್ಷರ ಬಲ್ಲವನು ಮೇಲೆ ಎಂಬ ಏರ್ಪಾಡಿನಲ್ಲಿ ‘ಎಂಜಿನಿಯರ್’ ಎಂಬ ಹೊಸ ಪದ ಬ್ರಿಟಿಷರ ಜೊತೆಗೆ ಬಂದು ಇಳಿದಾಗ, ಅದು ಯಾವ ಕಡೆಗೆ ವಾಲಬಹುದಿತ್ತು, ನೀವೇ ಯೋಚಿಸಿ.

ಸ್ವಾರಸ್ಯವೆಂದರೆ, ಆ ಪದ ನಮಗೆ ಬಂದ ಬ್ರಿಟನ್ನಿನಲ್ಲಿ ಅದು ಕೈಕೆಲಸದವರ ಪದವಾಗಿತ್ತು. ಅಲ್ಲಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆ ಹುಟ್ಟಿದ್ದು 1818ರಲ್ಲಿ. ಅದರ ಮೊದಲ ಅಧ್ಯಕ್ಷ ಥಾಮಸ್ ಟೆಲ್‌ಫೋರ್ಡ್ ಕುರಿ ಕಾಯುವವನ ಮಗ. ಕಲ್ಲುಕೆಲಸ ಕಲಿತು ಮೇಲೆ ಬಂದವನು. ರೈಲ್ವೆಯ ಪಿತಾಮಹ ಎನ್ನಿಸಿಕೊಂಡ ಜಾರ್ಜ್ ಸ್ಟೀಫನ್‌ಸನ್ ಕಲ್ಲಿದ್ದಲ ಗಣಿಯವನು. ಹದಿನೆಂಟು ವರ್ಷವಾಗುವವರೆಗೆ ಅವನಿಗೆ ಓದುಬರಹ ಬರುತ್ತಿರಲಿಲ್ಲ. 1815ರಲ್ಲಿ ಅವನು ಗಣಿ ಕಾರ್ಮಿಕರಿಗೆ ಒಂದು ಸುರಕ್ಷಿತ ದೀಪ ಮಾಡಿದ. ಅದೇ ಸಮಯಕ್ಕೆ ಲಂಡನ್ನಿನ ಪ್ರಸಿದ್ಧ ವಿಜ್ಞಾನಿ ಹಂಫ್ರಿ ಡೇವಿಯೂ ಒಂದು ದೀಪ ಮಾಡಿದ್ದ. ಡೇವಿಯ ಕಡೆಯವರಿಗೆ ನಂಬಲಾಗಲಿಲ್ಲ: ಓದಿಲ್ಲದ ಗಣಿಯಾಳು ಇದನ್ನು ಸ್ವತಃ ಕಂಡುಹಿಡಿದಿರಲು ಸಾಧ್ಯವೇ? ಕದ್ದಿರಬೇಕು ಎಂದರು. ಸ್ಟೀಫನ್‌ಸನ್ನನ ಊರಿನವರು ವಿಚಾರಣೆ ನಡೆಸಿ ಅವನ ಕೆಲಸ ಅವನದೇ ಎಂದು ಸಾರಬೇಕಾಯಿತು. ಇಂದಿಗೂ ಬ್ರಿಟನ್ನಿನಲ್ಲಿ ‘ಎಂಜಿನಿಯರ್’ ಎಂಬ ಪದಕ್ಕೆ ಕಾನೂನಿನ ಬೇಲಿ ಇಲ್ಲ. ಬಟ್ಟೆ ಒಗೆಯುವ ಯಂತ್ರ ಕೆಟ್ಟರೆ ರಿಪೇರಿಗೆ ಬರುವವನೂ ಎಂಜಿನಿಯರೇ. ಅಮೆರಿಕದಲ್ಲಿ ರೈಲು ಓಡಿಸುವವನೂ ಎಂಜಿನಿಯರ್.

ಕಡಲ್ಗಾಲುವೆ ದಾಟಿ ಫ್ರಾನ್ಸಿಗೆ ಬನ್ನಿ, ಲೆಕ್ಕವೇ ತಲೆಕೆಳಗು. ಅಲ್ಲಿ 1716ರಷ್ಟು ಹಿಂದೆಯೇ ಸೇತುವೆ-ರಸ್ತೆಗಳ ಎಂಜಿನಿಯರುಗಳ ಸರ್ಕಾರಿ ದಳವಿತ್ತು. 1794ರಲ್ಲಿ, ಮಹಾಕ್ರಾಂತಿಯ ಬಿಸಿಯಲ್ಲೇ, ಪಾಲಿಟೆಕ್ನಿಕ್ ಶಾಲೆ ಹುಟ್ಟಿತು. ನೀವು ಪಾಲಿಟೆಕ್ನಿಕ್ ಎಂದೊಡನೆ ಎಸ್ಸೆಸ್ಸೆಲ್ಸಿ ಮುಗಿಸಿ ಸೇರುವ ಡಿಪ್ಲೊಮಾ ಎಂದುಕೊಂಡರೆ ತಪ್ಪಾಗುತ್ತದೆ. ಅಲ್ಲಿ ಅದು ದೇಶದ ಅತ್ಯುಚ್ಚ ವಿದ್ಯಾಸಂಸ್ಥೆಗಳಲ್ಲೊಂದು. ನೆಪೋಲಿಯನ್ 1804ರಲ್ಲಿ ಅದನ್ನು ಸೈನ್ಯದ ಶಿಸ್ತಿಗೆ ತಂದ. ಅದರ ವಿದ್ಯಾರ್ಥಿಗಳು ಇಂದಿಗೂ ಜುಲೈ 14ರ ರಾಷ್ಟ್ರೀಯ ಮೆರವಣಿಗೆಯಲ್ಲಿ ಸಮವಸ್ತ್ರ ತೊಟ್ಟು, ಎರಡು ಕೋನದ ಟೊಪ್ಪಿಗೆ ಧರಿಸಿ ಹೆಜ್ಜೆ ಹಾಕುತ್ತಾರೆ. ಗಣಿತವೇ ಪ್ರಧಾನವಾದ ಒಂದು ಕಠಿಣ ಸ್ಪರ್ಧಾ ಪರೀಕ್ಷೆ. ಅದನ್ನು ದಾಟಿದವನು ಮುಂದೆ ಮಂತ್ರಾಲಯಗಳಿಗೂ ದೊಡ್ಡ ಕಂಪನಿಗಳಿಗೂ ಮುಖ್ಯಸ್ಥನಾಗಬಹುದು. 1974ರಿಂದ 1981ರವರೆಗೆ ಅಧ್ಯಕ್ಷರಾಗಿದ್ದ ಜಿಸ್ಕಾರ್ ದೆಸ್ತಾಂ ಅಲ್ಲಿ ಓದಿದವರೇ. ಬ್ರಿಟನ್ನಿನ ಎಂಜಿನಿಯರ್ ಕೈಗೆ ಎಣ್ಣೆ ಮೆತ್ತಿಕೊಂಡು ಮೇಲೆ ಹತ್ತಿದರೆ, ಫ್ರಾನ್ಸಿನವನು ಮೇಲಿನಿಂದಲೇ ಇಳಿದು ಬಂದ.

ಜರ್ಮನಿಯ ಕಥೆ ಇವೆರಡರ ನಡುವೆ ಇದೆ. ಅಲ್ಲಿನ ಹಳೆಯ ವಿಶ್ವವಿದ್ಯಾನಿಲಯಗಳ ಪಂಡಿತರಿಗೆ ತಾಂತ್ರಿಕ ಶಾಲೆಗಳೆಂದರೆ ಅಸಡ್ಡೆ. 1899ರಲ್ಲಿ ಕೈಸರ್ ಎರಡನೆಯ ವಿಲ್ಹೆಲ್ಮ್ ಪ್ರಷ್ಯಾದ ತಾಂತ್ರಿಕ ಶಾಲೆಗಳಿಗೂ ಡಾಕ್ಟರೇಟ್ ಕೊಡುವ ಹಕ್ಕು ದಯಪಾಲಿಸಿದಾಗ ಪಂಡಿತರು ಸಿಡಿಮಿಡಿಗೊಂಡರು. ಕೊನೆಗೆ ಆ ಪದವಿಯ ಹೆಸರು ಲ್ಯಾಟಿನ್ನಿನಲ್ಲಿ ಬೇಡ, ಜರ್ಮನ್ ಭಾಷೆಯಲ್ಲೇ ಇರಲಿ, ಬೇರೆಯಾಗಿ ಕಾಣಲಿ ಎಂದಾಯಿತು. ಪಂಕ್ತಿಯಲ್ಲಿ ಎಲೆ ಹಾಕಿದರು, ಆದರೆ ಸ್ವಲ್ಪ ದೂರಕ್ಕೆ ಹಾಕಿದರು ಎಂದ ಹಾಗೆ. ನಮಗೆ ಈ ಪಂಕ್ತಿಭೇದ ಹೊಸದಲ್ಲ.

ಈಗ ನಮ್ಮ ಸರ್.ಎಂ.ವಿ. ಅವರಿಗೆ ಬರುತ್ತೇನೆ. ಅವರ ಜೊತೆಗೆ ಜಪಾನಿನ ಒಬ್ಬನನ್ನೂ ಕರೆತರುತ್ತೇನೆ. ವಿಶ್ವೇಶ್ವರಯ್ಯನವರು ಹುಟ್ಟಿದ ವರ್ಷವನ್ನು ಕೆಲವರು 1860 ಎನ್ನುತ್ತಾರೆ, ಕೆಲವರು 1861. ಓದು ಮುಗಿಸಿದ ವರ್ಷದ ಬಗ್ಗೆ ತಕರಾರಿಲ್ಲ: 1883. ಮುದ್ದೇನಹಳ್ಳಿಯ ಸಂಸ್ಕೃತ ವಿದ್ವಾಂಸರೊಬ್ಬರ ಮಗ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. ಮೊದಲಿಗರಾಗಿ ಉತ್ತೀರ್ಣರಾಗಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾದರು.

ಅದೇ 1883ರಲ್ಲಿ ಟೋಕಿಯೋದ ಎಂಜಿನಿಯರಿಂಗ್ ಕಾಲೇಜಿನಿಂದ ತನಾಬೆ ಸಕುರೋ ಎಂಬ ಯುವಕ ಹೊರಬಿದ್ದ. 1861ರಲ್ಲಿ ಹುಟ್ಟಿದವನು. ಸಮುರಾಯ್ ಮನೆತನ, ಅವನೂ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡವನು. ಆ ಕಾಲೇಜನ್ನು 1873ರಲ್ಲಿ ಕಟ್ಟಿ ನಡೆಸಿದವನು ಹೆನ್ರಿ ಡಯರ್ ಎಂಬ ಸ್ಕಾಟ್ಲೆಂಡಿನ ತರುಣ. ಅಲ್ಲಿ ಓದಿದವರಲ್ಲಿ ಬಹುಪಾಲು ಸಮುರಾಯ್ ಮಕ್ಕಳು. ಕತ್ತಿ ಹಿಡಿಯುವ ಕಾಲ ಮುಗಿದಿತ್ತು, ಸಂಬಳ ನಿಂತಿತ್ತು, ಅಭಿಮಾನ ಮಾತ್ರ ಉಳಿದಿತ್ತು. ಆ ಅಭಿಮಾನಕ್ಕೆ ಒಂದು ಹೊಸ ಉದ್ಯೋಗ ಬೇಕಾಗಿತ್ತು. ಎಂಜಿನಿಯರಿಂಗ್ ಸಿಕ್ಕಿತು. ಹೊರದೇಶದ ಮೇಷ್ಟರುಗಳು ಇಂಗ್ಲಿಷಿನಲ್ಲಿ ಕಲಿಸುತ್ತಿದ್ದರು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಪಾಠವೆಲ್ಲ ಜಪಾನಿ ಭಾಷೆಗೆ ತಿರುಗಿತು. ಇದನ್ನು ನೆನಪಿಡಿ, ಮತ್ತೆ ಬರುತ್ತೇನೆ.

ರಾಜಧಾನಿಯ ಪಟ್ಟ ಕಳೆದುಕೊಂಡು ಸೊರಗಿದ್ದ ಕ್ಯೋಟೋ ನಗರಕ್ಕೆ ಬಿವಾ ಸರೋವರದಿಂದ ಬೆಟ್ಟ ಕೊರೆದು ಕಾಲುವೆ ತರಬೇಕೆಂದು ಅಲ್ಲಿನ ರಾಜ್ಯಪಾಲ ಹಂಬಲಿಸುತ್ತಿದ್ದ. ತನಾಬೆ ತನ್ನ ಪದವಿಯ ಪ್ರಬಂಧ ಬರೆದದ್ದು ಅದೇ ಕಾಲುವೆಯ ಮೇಲೆ. ರಾಜ್ಯಪಾಲ ಆ ಹುಡುಗನನ್ನೇ ಕೆಲಸಕ್ಕೆ ಹಚ್ಚಿದ. 1885ರಲ್ಲಿ ಕೆಲಸ ಶುರುವಾದಾಗ ಅವನಿಗೆ ಇನ್ನೂ 25 ತುಂಬಿರಲಿಲ್ಲ. 1890ರಲ್ಲಿ ಕಾಲುವೆ ಮುಗಿಯಿತು. ನಡುವೆ ಅಮೆರಿಕಕ್ಕೆ ಹೋಗಿ ನೀರಿನಿಂದ ವಿದ್ಯುತ್ ತೆಗೆಯುವುದನ್ನು ಕಂಡು ಬಂದು, 1891ರಲ್ಲಿ ಆ ಕಾಲುವೆಯ ನೀರಿನಿಂದಲೇ ವಿದ್ಯುತ್ ತೆಗೆದ. ಕ್ಯೋಟೋದಲ್ಲಿ ಟ್ರಾಮು ಓಡಿತು.

ಅದೇ ವಯಸ್ಸಿನ, ಅಷ್ಟೇ ಬುದ್ಧಿಯ ನಮ್ಮವರು ಆಗ ಏನು ಮಾಡುತ್ತಿದ್ದರು? ಖಾನ್‌ದೇಶದಲ್ಲಿ, ನಾಸಿಕದಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿಯುತ್ತಿದ್ದರು. ಭಾರತದ ಲೋಕೋಪಯೋಗಿ ಇಲಾಖೆಯ ಮೇಲಿನ ಜಾಗಗಳಿಗೆ ಎಂಜಿನಿಯರುಗಳನ್ನು ತಯಾರಿಸಲೆಂದೇ ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ 1870ರ ದಶಕದ ಆರಂಭದಲ್ಲಿ ಕಾಲೇಜು ತೆರೆದಿದ್ದರು. ಅದು 1906ರವರೆಗೆ ನಡೆಯಿತು. ವಿಶ್ವೇಶ್ವರಯ್ಯನವರು ಖಡಕ್‌ವಾಸ್ಲಾಕ್ಕೆ ತಾನೇ ತೆರೆದುಕೊಳ್ಳುವ ಬಾಗಿಲು ಮಾಡಿದರು, ಏಡನ್ನಿಗೆ ಕುಡಿಯುವ ನೀರಿನ ಯೋಜನೆ ಹಾಕಿಕೊಟ್ಟರು. ಆದರೂ ಮುಖ್ಯ ಎಂಜಿನಿಯರ್ ಕುರ್ಚಿ ಭಾರತೀಯನಿಗೆ ಸಿಗುವುದು ಕಷ್ಟವೆಂದು ಅರಿತು 1908ರಲ್ಲಿ ಅವಧಿಗೆ ಮುಂಚೆ ನಿವೃತ್ತರಾದರು. ಮರುವರ್ಷ ಮೈಸೂರು ಕರೆಯಿತು. ಮುಖ್ಯ ಎಂಜಿನಿಯರಾದಾಗ ಅವರಿಗೆ ಐವತ್ತು ಹತ್ತಿರ. ತನಾಬೆಗೆ ಇಪ್ಪತ್ತಮೂರಕ್ಕೆ ಸಿಕ್ಕ ಸ್ವಾತಂತ್ರ್ಯ ನಮ್ಮವರಿಗೆ ಸಿಗಲು ಇಪ್ಪತ್ತೈದು ವರ್ಷ ತಡವಾಯಿತು. ಕನ್ನಂಬಾಡಿ ಕಟ್ಟೆ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ದಿವಾನಗಿರಿ ಎಲ್ಲವೂ ಆ ಐವತ್ತರ ಆಚೆಗಿನವು. ಅವರು 1898ರಲ್ಲಿ ಜಪಾನಿಗೆ ಹೋಗಿ ಬಂದಿದ್ದರು. ಜಪಾನಿನ ಹಾಗೆ ನಾವೇಕಾಗಬಾರದು ಎಂಬ ಅವರ ಜೀವಮಾನದ ಚಡಪಡಿಕೆ ಎಲ್ಲಿಂದ ಬಂತೆಂದು ಊಹಿಸಬಹುದು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಎಂಜಿನಿಯರುಗಳ ದಿನ ಇದನ್ನು ಹೇಳಬಾರದು ಎನ್ನುವವರುಂಟು, ನಾನು ಒಪ್ಪುವುದಿಲ್ಲ. ಅನ್ಯಾಯದ ಬಾಗಿಲಿನಲ್ಲಿ ನಿಂತು ಬಂದ ಅದೇ ವಿಶ್ವೇಶ್ವರಯ್ಯನವರು, ಮೈಸೂರಿನ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೆಂಬ ಬೇಡಿಕೆ ಬಂದಾಗ ಅರ್ಹತೆಯೊಂದೇ ಅಳತೆ ಎಂದು ಪಟ್ಟು ಹಿಡಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು. ಆ ವರ್ಷದ ಕೊನೆಗೆ ದಿವಾನರು ಪದವಿ ಬಿಟ್ಟರು. ಅವರು ಪ್ರಾಮಾಣಿಕರಾಗಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಮನೆಯಲ್ಲಿ ಪುಸ್ತಕವಿದ್ದ ಬಡವನಿಗೂ ಪುಸ್ತಕವೇ ಇಲ್ಲದ ಬಡವನಿಗೂ ಇರುವ ಅಂತರ ಅವರಿಗೆ ಕಾಣಲಿಲ್ಲವೇನೋ ಎಂದು ನನಗನ್ನಿಸುತ್ತದೆ. ನೀರುಗಂಟಿಯ ಮಗ ಎಂಜಿನಿಯರಿಂಗ್ ಕಾಲೇಜಿನ ಗೇಟಿನವರೆಗೆ ಬರುವುದಕ್ಕೆ ಮಿಲ್ಲರ್ ವರದಿಯ ನಂತರವೂ ಎಷ್ಟೋ ದಶಕಗಳು ಬೇಕಾದವು.

ಹೀಗೆ ನಮ್ಮಲ್ಲಿ ಎಂಜಿನಿಯರ್ ಎಂದರೆ ಫ್ರಾನ್ಸಿನ ಮಾದರಿಯ ಅಧಿಕಾರಿಯಾದ, ಬ್ರಿಟನ್ನಿನ ಮಾದರಿಯ ಕೆಲಸಗಾರನಾಗಲಿಲ್ಲ. ನಮ್ಮ ಅಜ್ಜಂದಿರಿಗೆ ‘ಇಂಜಿನೀರು ಸಾಹೇಬರು’ ಎಂದರೆ ಜೀಪು, ಬಂಗಲೆ, ಟೊಪ್ಪಿ. ಇಲಾಖೆಯೊಳಗೂ ಮೆಟ್ಟಿಲುಗಳು: ಡಿಪ್ಲೊಮಾದವನು ಜೂನಿಯರ್ ಎಂಜಿನಿಯರ್, ಪದವಿಯವನು ಅಸಿಸ್ಟೆಂಟ್ ಎಂಜಿನಿಯರ್, ಮೇಲೆ ಎ.ಇ.ಇ., ಎಕ್ಸಿಕ್ಯೂಟಿವ್, ಸೂಪರಿಂಟೆಂಡಿಂಗ್, ಚೀಫ್. ಇಬ್ಬರೂ ಒಂದೇ ಕೆರೆಯ ಏರಿಯ ಮೇಲೆ ನಿಂತು ಒಂದೇ ಬಿಸಿಲು ಕುಡಿದರೂ ಕೈಕುರ್ಚಿ ಒಬ್ಬರಿಗೆ ಮಾತ್ರ ಬರುತ್ತದೆ. ಡಿಪ್ಲೊಮಾದವನಾಗಿ ಈ ನೋವನ್ನು ನಾನೂ ಬಲ್ಲೆ, ಪತ್ರಿಕಾಲಯಗಳಲ್ಲಿ ಎಂ.ಎ. ಮಾಡಿದವರು ಬೇರೆ ಇರುತ್ತಾರೆ!

ಹೆಣ್ಣುಮಕ್ಕಳು ಕುಳಿತಿದ್ದೀರಿ, ನಿಮಗೆ ಇನ್ನೂ ಹತ್ತಿರದ ಹೆಸರೊಂದಿದೆ. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಎಂ.ಎಸ್ಸಿ. ಮಾಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. 1953ರಲ್ಲಿ ಹಿಂದಿರುಗಿ ವಿಜ್ಞಾನ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಮೈಕ್ರೋವೇವ್ ಮತ್ತು ಆಂಟೆನಾ ಅವರ ಕ್ಷೇತ್ರ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. ಅವರ ಅಜ್ಜಿಯೇ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಮೂರು ತಲೆಮಾರಿನ ಓದು ಅವರ ಬೆನ್ನಿಗಿತ್ತು. ಇಂದು ಇಲ್ಲಿ ಕೂತ ಎಷ್ಟೋ ಹುಡುಗಿಯರಿಗೆ ಒಂದು ತಲೆಮಾರಿನ ಓದೂ ಬೆನ್ನಿಗಿಲ್ಲ. ಆದ್ದರಿಂದಲೇ ನೀವು ಇಲ್ಲಿಗೆ ಬಂದಿರುವುದು ಸಣ್ಣ ದೂರವಲ್ಲ.

ಆ ದೂರ ಕಡಿಮೆಯಾದದ್ದು ಹೇಗೆ? ಮೀಸಲಾತಿಯಿಂದ, ಕಾಲೇಜುಗಳ ಸಂಖ್ಯೆಯಿಂದ, ಮತ್ತು ಒಂದು ಪರೀಕ್ಷೆಯಿಂದ. 1946ರಲ್ಲಿ ಬೆಂಗಳೂರಿನಲ್ಲಿ ಬಿ.ಎಂ.ಎಸ್., ಮೈಸೂರಿನಲ್ಲಿ ಎನ್.ಐ.ಇ.; 1963ರಲ್ಲಿ ಮೈಸೂರಿನಲ್ಲೇ ಎಸ್.ಜೆ.ಸಿ.ಇ. ಆಮೇಲೆ ಖಾಸಗಿ ಕಾಲೇಜುಗಳ ಮಹಾಪೂರ. ಅದರ ಜೊತೆ ಕ್ಯಾಪಿಟೇಷನ್ ಎಂಬ ಪಿಡುಗು. ಅದನ್ನು ನಿಷೇಧಿಸುವ ಕಾನೂನು 1984ರಲ್ಲಿ ಬಂತು, ಪಿಡುಗು ಹೋಗಲಿಲ್ಲ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, 1994ರಿಂದ ಸಿ.ಇ.ಟಿ. ಶುರುವಾಯಿತು. ‘ಫ್ರೀ ಸೀಟ್’ ಎಂಬ ಪದ ಗುಂಡ್ಲುಪೇಟೆಯ ಸಂತೆಯಲ್ಲೂ ಚಲಾವಣೆಗೆ ಬಂತು. ಗ್ರಾಮೀಣ ವಿದ್ಯಾರ್ಥಿಗಳಿಗೆ, ಕನ್ನಡ ಮಾಧ್ಯಮದವರಿಗೆ ಪ್ರತ್ಯೇಕ ಪಾಲು ಇಟ್ಟದ್ದರಿಂದ ಒಂದು ಹೊಸ ವರ್ಗವೇ ಒಳಗೆ ಬಂತು. ಮುಖ್ಯಮಂತ್ರಿಗಳೇ ಬರಲು ಹೆದರುತ್ತಿದ್ದ ನಮ್ಮ ಚಾಮರಾಜನಗರ 1997ರಲ್ಲಿ ಜಿಲ್ಲೆಯಾಗಿ, ಹತ್ತು ವರ್ಷದ ಮೇಲೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನೂ ಪಡೆಯಿತು.

ಬಾಗಿಲು ತೆರೆಯಿತು, ಸಂತೋಷ. ಆದರೆ ನಾವು ಒಳಗೆ ಬರುವ ಹೊತ್ತಿಗೆ ಮನೆಯೇ ಬದಲಾಗಿತ್ತು. ಜೀಪು-ಬಂಗಲೆಯ ಎಂಜಿನಿಯರ್ ಹುದ್ದೆಗಳು ಬೆರಳೆಣಿಕೆ. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್.ಗಳ ಕ್ವಾರ್ಟರ್ಸ್ ಬದುಕು ಕೂಡ ಹಿಂದಿನ ತಲೆಮಾರಿನದು, ಕೈಗಡಿಯಾರದ ಎಚ್.ಎಂ.ಟಿ. ಕಾರ್ಖಾನೆಗಳಂತೂ ಮುಚ್ಚಿಯೇ ಹೋದವು. ಬಂದದ್ದು ಸಾಫ್ಟ್‌ವೇರ್. ಎನ್.ಐ.ಇ.ಯಲ್ಲಿ ಓದಿದ ಮೇಷ್ಟರ ಮಗ ನಾರಾಯಣಮೂರ್ತಿಯವರು ಗೆಳೆಯರೊಡನೆ 1981ರಲ್ಲಿ ಕಟ್ಟಿದಂಥ ಕಂಪನಿಗಳು ಸಿವಿಲ್, ಮೆಕ್ಯಾನಿಕಲ್ ಎಂದು ನೋಡದೆ ಎಲ್ಲ ಶಾಖೆಯವರನ್ನೂ ಸಾವಿರಗಟ್ಟಲೆ ತೆಗೆದುಕೊಂಡವು. ಇದರಿಂದ ಸಾವಿರಾರು ಮನೆಗಳು ಎದ್ದು ನಿಂತವು, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಅಂಥ ದೊಡ್ಡ ಕಂಪನಿಗಳು ಹೊಸಬರಿಗೆ ಕೊಡುವ ಆರಂಭದ ಸಂಬಳ 2010ರ ಆಸುಪಾಸಿನಿಂದ ಬಹುಕಾಲ ವರ್ಷಕ್ಕೆ ಮೂರೂವರೆ ಲಕ್ಷದ ಹತ್ತಿರವೇ ನಿಂತಿತ್ತು. ಅಷ್ಟರಲ್ಲಿ ಬೆಂಗಳೂರಿನ ಬಾಡಿಗೆ ನಿಂತಿರಲಿಲ್ಲ. ಕಾಲೇಜಿನ ಶುಲ್ಕವೂ ನಿಂತಿರಲಿಲ್ಲ.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಪಕ್ಕ ಕೂತ ರೈತರೊಬ್ಬರ ಬಳಿ ಒಮ್ಮೆ ಮಾತಿಗಿಳಿದೆ. ಒಂದೂವರೆ ಎಕರೆ ಭೋಗ್ಯಕ್ಕೆ ಹಾಕಿ ಮಗನನ್ನು ಮೆಕ್ಯಾನಿಕಲ್ ಓದಿಸಿದ್ದರು. ಮಗ ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸದಲ್ಲಿದ್ದಾನಂತೆ. ಅವನು ಏನು ಮಾಡುತ್ತಾನೆಂದು ಹೇಳಲು ಅವರಿಗೆ ಬರಲಿಲ್ಲ. ರಾತ್ರಿ ಪಾಳಿ ಎಂದರು. ಭೋಗ್ಯ ಬಿಡಿಸಿಕೊಂಡಿರಾ ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ. ಅವರು ಕಿಟಕಿಯ ಹೊರಗೆ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ, ಆದರೂ ಹೆಣ್ಣು ಕೊಡುವವರು ಈಗ ಮನೆ ಬಾಗಿಲಿಗೆ ಬರುತ್ತಾರೆ ಎಂದರು. ಲಗ್ನಪತ್ರಿಕೆಯ ಬಿ.ಇ.ಗೆ ಇರುವ ಬೆಲೆ ನನಗೆ ತಿಳಿದದ್ದು ಆ ದಿನ. ಅವರು ಕೊಂಡದ್ದು 1912ರ ದಿವಾನರ ಕಾಲದ ಗೌರವ. ಅದರ ಜೊತೆಗೆ ಬಂದದ್ದು ಈ ಕಾಲದ ಕೆಲಸ. ಎರಡೂ ಒಂದೇ ಎಂದು ಅವರಿಗೆ ಯಾರೋ ಹೇಳಿದ್ದರು.

ಹೊರದೇಶಕ್ಕೆ ಹೋಗುವ ಕನಸಿನವರಿಗೂ ನಾಲ್ಕು ಮಾತು. ಅರಬ್ ನಾಡುಗಳಲ್ಲಿ ‘ಮುಹಂದಿಸ್’ ಎಂದರೆ ಎಂಜಿನಿಯರ್. ಈಜಿಪ್ಟಿನಲ್ಲಿ ಗೌರವಕ್ಕಾಗಿ ಅಪರಿಚಿತನನ್ನೂ ‘ಬಾಶ್‌ಮುಹಂದಿಸ್’ ಎಂದು ಕರೆಯುವುದುಂಟು, ನಮ್ಮಲ್ಲಿ ಎಲ್ಲರೂ ‘ಸಾರ್’ ಆಗುವ ಹಾಗೆ. ಆದರೆ ಮರ್ಯಾದೆಯ ಮಾತು ಬೇರೆ, ಕಾಗದಪತ್ರ ಬೇರೆ. ಕುವೈತ್ 2018ರಲ್ಲಿ ಒಂದು ನಿಯಮ ಬಿಗಿ ಮಾಡಿತು: ಭಾರತದ ಎಂಜಿನಿಯರನ ವಾಸದ ಪರವಾನಗಿ ಅದೇ ಹುದ್ದೆಯಲ್ಲಿ ನವೀಕರಣವಾಗಬೇಕಾದರೆ ಅವನು ಓದಿದ ಕೋರ್ಸಿಗೆ ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್.ಬಿ.ಎ., ಮಾನ್ಯತೆ ಕೊಟ್ಟಿರಬೇಕು. ವರ್ಷಗಟ್ಟಲೆ ಅಲ್ಲಿ ದುಡಿದಿದ್ದ ಎಷ್ಟೋ ಮಂದಿ ರಾತ್ರೋರಾತ್ರಿ ಕಾಗದದ ಮೇಲೆ ಎಂಜಿನಿಯರುಗಳಾಗಿ ಉಳಿಯದಂತಾಯಿತು. ಪೋಷಕರೇ, ಇದನ್ನು ಬರೆದುಕೊಳ್ಳಿ: ಎನ್.ಬಿ.ಎ. ಮಾನ್ಯತೆ ಕೊಡುವುದು ಕಾಲೇಜಿಗಲ್ಲ, ಒಂದೊಂದು ಶಾಖೆಗೆ, ಅದೂ ನಿಗದಿತ ಅವಧಿಗೆ. ಕಾಲೇಜಿನ ಕಟ್ಟಡ ನೋಡಿ ಬರುವ ಬದಲು ಮಗ ಸೇರುವ ಶಾಖೆಗೆ ಅದು ಇದೆಯೇ ಎಂದು ಕೇಳಿ.

ಕೆನಡಾದಲ್ಲಿ ಇನ್ನೂ ಕಟ್ಟುನಿಟ್ಟು. ಪ್ರಾಂತ್ಯದ ಮಂಡಳಿಯ ಪರವಾನಗಿ ಇಲ್ಲದೆ ಎಂಜಿನಿಯರ್ ಎಂದು ಹೇಳಿಕೊಂಡು ವೃತ್ತಿ ನಡೆಸುವಂತಿಲ್ಲ. ಅಲ್ಲಿ ಓದು ಮುಗಿಸಿದವರು ಕಿರುಬೆರಳಿಗೆ ಒಂದು ಕಬ್ಬಿಣದ ಉಂಗುರ ತೊಡುತ್ತಾರೆ. 1925ರಿಂದ ನಡೆದು ಬಂದ ವಿಧಿ ಅದು. 1907ರಲ್ಲಿ ಕಟ್ಟುತ್ತಿರುವಾಗಲೇ ಕುಸಿದು 75 ಕೆಲಸಗಾರರನ್ನು ಬಲಿ ತೆಗೆದುಕೊಂಡ ಕ್ವಿಬೆಕ್ ಸೇತುವೆಯ ಕಬ್ಬಿಣದಿಂದ ಮೊದಲ ಉಂಗುರಗಳನ್ನು ಮಾಡಿದರೆಂಬ ಕಥೆಯೂ ಇದೆ. ಕಥೆ ನಿಜವಲ್ಲ, ಆದರೆ ಅಂಥ ಕಥೆ ಹುಟ್ಟುವ ವೃತ್ತಿ ಎಂಥದ್ದೆಂದು ನೋಡಿ. ನಮ್ಮವರು ಅಲ್ಲಿಗೆ ಹೋಗಿ ಸ್ಥಳೀಯ ಅನುಭವವಿಲ್ಲವೆಂಬ ಕಾರಣಕ್ಕೆ ಟ್ಯಾಕ್ಸಿ ಓಡಿಸಿದ್ದುಂಟು. ಕೆನಡಾದಲ್ಲೇ ಅನುಭವ ಪಡೆದಿರಬೇಕೆಂಬ ಆ ಷರತ್ತನ್ನು ಒಂಟಾರಿಯೋ ಪ್ರಾಂತ್ಯ ಕೈಬಿಟ್ಟದ್ದು 2023ರಲ್ಲಿ. ಈ ಮಾತಿಗೆ ನಮ್ಮ ಜಿಲ್ಲೆಯ ಅಂಚಿನಲ್ಲೇ ಒಂದು ತಮಾಷೆಯ ಜೋಡಿ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ಯೋಜನೆಯ ರೂವಾರಿ, ಕ್ಯಾಪ್ಟನ್ ಜೋಲಿ ದ ಲಾಟ್‌ಬಿನಿಯೇರ್, ಕೆನಡಾದವರೇ. ಕ್ವಿಬೆಕ್ ಪ್ರಾಂತ್ಯದ ಪ್ರಧಾನಿಯಾಗಿದ್ದವರ ಮಗ, ಕೆನಡಾದಲ್ಲೇ ಓದಿದವರು. ದಿವಾನ್ ಶೇಷಾದ್ರಿ ಅಯ್ಯರ್ ಅವರನ್ನು ಕೂರಿಸಿ, ನಿಮಗೆ ಮೈಸೂರಿನ ಅನುಭವವಿದೆಯೇ ಎಂದು ಕೇಳಲಿಲ್ಲ!

ಎಂಜಿನಿಯರುಗಳೇ ದೇಶ ಆಳಿದ್ದೂ ಉಂಟು. 2002ರಲ್ಲಿ ಚೀನಾದ ಪಕ್ಷದ ಪರಮೋಚ್ಚ ಸಮಿತಿಯ ಒಂಬತ್ತೂ ಮಂದಿ ಎಂಜಿನಿಯರಿಂಗ್ ಓದಿದವರು. ಹು ಜಿಂಟಾವೊ ನೀರಾವರಿ ಎಂಜಿನಿಯರ್. ಸೋವಿಯತ್ ದೇಶದಲ್ಲಿ ಬ್ರೆಜ್ನೆವ್ ಲೋಹಶಾಸ್ತ್ರ ಕಲಿತವರು. ಅದೇ ಸೋವಿಯತ್ತಿನಲ್ಲಿ ಸಾಮಾನ್ಯ ಎಂಜಿನಿಯರನ ಸಂಬಳ ನುರಿತ ಕಾರ್ಮಿಕನಿಗಿಂತ ಕಡಿಮೆ ಇರುತ್ತಿತ್ತು. ಎಲ್ಲರೂ ಎಂಜಿನಿಯರುಗಳಾದರೆ ಹಾಗಾಗುತ್ತದೆ. ನಮ್ಮ ರಾಜ್ಯದಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಂಪ್ಯೂಟರ್ ಸೀಟುಗಳು ಏರುತ್ತಾ, ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಭರ್ತಿಯಾಗದೆ ಉಳಿಯುತ್ತಿರುವುದನ್ನು ನೋಡುವಾಗ ಇದು ನೆನಪಾಗುತ್ತದೆ.

ಜಪಾನಿ ಭಾಷೆಯ ಮಾತಿಗೆ ಬರುತ್ತೇನೆಂದಿದ್ದೆ. ಕನ್ನಡ ಮಾಧ್ಯಮದಲ್ಲಿ ಮೊದಲಿಗನಾಗಿ ಬಂದ ಹುಡುಗ ಮೊದಲ ಸೆಮಿಸ್ಟರಿನಲ್ಲಿ ಫೇಲಾಗುವುದು ಗಣಿತದಲ್ಲಿ ಅಲ್ಲ, ಇಂಗ್ಲಿಷಿನಲ್ಲಿ ಬರೆದ ಗಣಿತದಲ್ಲಿ. ಮಾತೃಭಾಷೆಯಲ್ಲಿ ಎಂಜಿನಿಯರಿಂಗ್ ಕಲಿಸಲು 2021ರಲ್ಲಿ ಅನುಮತಿ ಸಿಕ್ಕಿತು. ಆದರೆ ಸೇರಲು ಮಕ್ಕಳೇ ಮುಂದೆ ಬರುವುದಿಲ್ಲ, ಏಕೆಂದರೆ ಕೆಲಸ ಕೊಡುವವರು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಜಪಾನಿನಲ್ಲಿ ಮೊದಲು ಕೆಲಸಗಳು ಜಪಾನಿ ಭಾಷೆಯಲ್ಲಿ ಇದ್ದವು, ಆಮೇಲೆ ಪಾಠ ಬಂತು. ನಾವು ಹಿಂದುಮುಂದಾಗಿ ಹೊರಟಿದ್ದೇವೆ.

ಕೊನೆಯದಾಗಿ ಒಂದು ದೃಶ್ಯ. ಕಬಿನಿಯ ನೀರನ್ನು ಪಂಪ್ ಮಾಡಿ ಗುಂಡ್ಲುಪೇಟೆ, ಚಾಮರಾಜನಗರದ ಕೆರೆಗಳನ್ನು ತುಂಬಿಸುವ ಯೋಜನೆಯ ವರದಿಗೆಂದು ಒಂದು ಕೆರೆಯ ಏರಿಗೆ ಹೋಗಿದ್ದೆ. ಅಲ್ಲಿ ಒಬ್ಬ ಯುವ ಎಂಜಿನಿಯರ್ ನಕ್ಷೆ ಹಿಡಿದು ನಿಂತಿದ್ದರು, ನಮ್ಮ ಜಿಲ್ಲೆಯವರೇ. ಪಕ್ಕದಲ್ಲಿ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಒಬ್ಬ ಮುದುಕರು. ತೂಬಿನ ಯಾವ ಕಲ್ಲಿನವರೆಗೆ ನೀರು ನಿಂತರೆ ಏರಿ ಜಿನುಗುತ್ತದೆಂದು ಅವರು ಕೋಲಿನಿಂದ ತೋರಿಸುತ್ತಿದ್ದರು. ಅದು ನಕ್ಷೆಯಲ್ಲಿರಲಿಲ್ಲ. ಎಂಜಿನಿಯರ್ ಕೂತು, ನಕ್ಷೆಯನ್ನು ಮೊಣಕಾಲ ಮೇಲೆ ಹರವಿಕೊಂಡು, ಆ ಮಟ್ಟವನ್ನು ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡರು. ಮುದುಕರ ಮನೆತನದ್ದು ಹಿಂದೆ ನೀರುಗಂಟಿ ಕೆಲಸವಂತೆ. ಮೊಮ್ಮಗಳು ಪಿ.ಯು.ಸಿ. ಸೈನ್ಸ್ ಓದುತ್ತಿದ್ದಾಳೆ, ಸಿ.ಇ.ಟಿ. ಕಟ್ಟಿದ್ದಾಳೆ, ಸಿವಿಲ್ ತೆಗೆದುಕೊಳ್ಳಲಾ ಕಂಪ್ಯೂಟರ್ ತೆಗೆದುಕೊಳ್ಳಲಾ ಎಂದು ಕೇಳುತ್ತಾಳೆ, ಏನು ಹೇಳಲಿ ಎಂದು ನನ್ನನ್ನು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ, ಎಂಜಿನಿಯರರ ಕಡೆ ಕೈ ತೋರಿಸಿದೆ. ಅವರಿಬ್ಬರೂ ಏರಿಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ನನಗೆ ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಂದೆ.

ಪ್ರಶ್ನೆಗಳಿದ್ದರೆ ಕೇಳಬಹುದು; ಗಣಿತದ್ದು ಬೇಡ.